ಜೋಡು ಔಷಧದ ಗುಳಿಗೆ: ಅದರ ಉಪಯೋಗವೂ ಅದರಲ್ಲಿ ಇರಬೇಕಾದ ಎಚ್ಚರಿಕೆಯೂ

(ಮನೆಯವರು ಕೂಡಿ ಓದತಕ್ಕ ಪಾಠ)



ಔಷಧದ ಅಂಗಡಿಗಳಲ್ಲಿ ಹೆಸರಿಗಿಂತ ಸಂಖ್ಯೆಯಿಂದಲೇ ಹೆಚ್ಚಾಗಿ ಕರೆಯಲ್ಪಡುವ ಒಂದು ಗುಳಿಗೆ ಉಂಟು. ಅದರ ಹೆಸರನ್ನು ಓದಲಾರದವರು ಸಹ “ಸಿಕ್ಸ್ ಟ್ವೆಂಟಿ ಫೈವ್ ಎರಡು ಕೊಡಿರಿ” ಎಂದು ಕೇಳುವರು. ಹಲ್ಲು ನೊಂದರೆ ಅದೇ, ಕೆಮ್ಮು ಬಂದರೆ ಅದೇ, ಕಾಲಿಗೆ ಮುಳ್ಳು ಮುರಿದು ಬಾತರೆ ಅದೇ. ಒಂದನ್ನು ರಾತ್ರಿಯಲ್ಲಿಯೂ ಇನ್ನೊಂದನ್ನು ಬೆಳಿಗ್ಗೆಯೂ ನುಂಗಿ, ಸ್ವಲ್ಪ ಹಗುರವಾಯಿತೆಂದು ಹೊಲಕ್ಕೆ ಹೋಗುವವರು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲೂಕುಗಳ ಹಳ್ಳಿಗಳಲ್ಲಿ ಇಲ್ಲವೆಂದು ಯಾರು ಹೇಳಾರು?

ಈ ಗುಳಿಗೆಯು ಒಳ್ಳೇದೇ. ತಕ್ಕ ವ್ಯಾಧಿಗೆ ತಕ್ಕ ರೀತಿಯಲ್ಲಿ ಕೊಟ್ಟರೆ ಅದು ಪ್ರಾಣವನ್ನು ಉಳಿಸುವದು. ಆದರೆ ಅದು ನೋವಿನ ಗುಳಿಗೆಯೂ ಅಲ್ಲ, ಜ್ವರದ ಗುಳಿಗೆಯೂ ಅಲ್ಲ. ಬ್ಯಾಕ್ಟೀರಿಯಾ ಎಂಬ ಒಂದೇ ಜಾತಿಯ ರೋಗಾಣುಗಳ ಮೇಲೆ ಮಾತ್ರ ನಡೆಯುವ ಆಯುಧವಾಗಿದೆ. ಕೆಲಸವಿಲ್ಲದಲ್ಲಿ ಅದನ್ನು ಬೀಸಿದರೆ ಬೀಸಿದವನಿಗೆ ಗಾಯ, ಆಯುಧಕ್ಕೂ ಮೊಂಡುತನ. ಆದ್ದರಿಂದ ಇದು ಏನು, ಯಾವ ಬೇನೆಗೆ ತಕ್ಕದ್ದು, ಹೇಗೆ ತಕ್ಕೊಳ್ಳತಕ್ಕದ್ದು, ಇದರಿಂದ ಯಾವ ಕೇಡು ಬರಬಹುದು ಎಂಬವುಗಳನ್ನು ಈ ಪಾಠದಲ್ಲಿ ಕ್ರಮವಾಗಿ ನೋಡೋಣ. ಓದಬಲ್ಲವರು ಓದಲಾರದವರಿಗೆ ಓದಿ ಹೇಳಲಿ.

1. ಈ ಗುಳಿಗೆಯಲ್ಲಿ ಏನಿದೆ?

ಇದರಲ್ಲಿ ಎರಡು ಔಷಧಗಳು ಕೂಡಿವೆ. ಒಂದರ ಹೆಸರು ಅಮಾಕ್ಸಿಸಿಲಿನ್, ಇನ್ನೊಂದರ ಹೆಸರು ಕ್ಲಾವುಲಾನಿಕ್ ಆಮ್ಲ. ಆಗ್ಮೆಂಟಿನ್, ಕ್ಲಾವಮ್, ಮಾಕ್ಸಿಕೈಂಡ್ ಸಿವಿ ಮುಂತಾದ ಹೆಸರುಗಳಿಂದ ಬೇರೆ ಬೇರೆ ಕಂಪನಿಗಳವರು ಇದನ್ನು ಮಾರುತ್ತಾರೆ. ಹೆಸರು ಬೇರೆಯಾದರೂ ಒಳಗಿರುವ ಔಷಧವು ಒಂದೇ. ಇದನ್ನು ತಿಳಿಯದೆ ಒಬ್ಬ ವೈದ್ಯರು ಕೊಟ್ಟ ಆಗ್ಮೆಂಟಿನನ್ನೂ ಮತ್ತೊಬ್ಬರು ಕೊಟ್ಟ ಕ್ಲಾವಮನ್ನೂ ಕೂಡಿಸಿ ನುಂಗುವವನು ಒಂದೇ ಔಷಧವನ್ನು ಇಮ್ಮಡಿಯಾಗಿ ನುಂಗಿದಂತಾಯಿತು.

ಸಂಖ್ಯೆಗಳ ಅರ್ಥವನ್ನೂ ತಿಳಿದುಕೊಳ್ಳಬೇಕು. 625 ಎಂದರೆ ಅಮಾಕ್ಸಿಸಿಲಿನ್ 500 ಮಿಲಿಗ್ರಾಮ್, ಕ್ಲಾವುಲಾನಿಕ್ ಆಮ್ಲ 125 ಮಿಲಿಗ್ರಾಮ್. 375 ಎಂಬದರಲ್ಲಿ ಮೊದಲನೆಯದು 250, ಎರಡನೆಯದು ಅದೇ 125. ದೊಡ್ಡ ಗುಳಿಗೆಯಾದ 1000ದಲ್ಲಿ ಮೊದಲನೆಯದು 875, ಎರಡನೆಯದು ಪುನಃ 125. ಹೀಗಿರುವದರಿಂದ 625 ಸಿಗಲಿಲ್ಲವೆಂದು 375ರ ಎರಡು ಗುಳಿಗೆಗಳನ್ನು ನುಂಗಕೂಡದು. ಯಾಕಂದರೆ ಆಗ ಎರಡನೆಯ ಔಷಧವು ಇಮ್ಮಡಿಯಾಗಿ ಹೊಟ್ಟೆಗೆ ಹೋಗಿ ಭೇದಿಯನ್ನು ಹೆಚ್ಚಿಸುವದು. ಎರಡು ಧಾನ್ಯಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದ ಚೀಲಗಳಂತೆ ಇವು ಇವೆ. ಒಂದು ಚೀಲದ ಲೆಕ್ಕವು ಇನ್ನೊಂದಕ್ಕೆ ಹೊಂದುವದಿಲ್ಲ.

2. ಒಂದು ಸಾಲದೆ ಎರಡು ಯಾಕೆ?

ಇದನ್ನು ತಿಳಿಯಲಿಕ್ಕೆ ಪೆನ್ಸಿಲಿನ್ನಿನ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. 1928ರಲ್ಲಿ ಲಂಡನ್ ಪಟ್ಟಣದ ಅಲೆಗ್ಸಾಂಡರ್ ಫ್ಲೆಮಿಂಗ್ ಎಂಬ ವೈದ್ಯರು, ಒಂದು ತಟ್ಟೆಯಲ್ಲಿ ಬೆಳೆಸಿದ್ದ ರೋಗಾಣುಗಳು ಬೂಷ್ಟು ಬಿದ್ದ ಕಡೆಯಲ್ಲಿ ಸತ್ತುಹೋದದ್ದನ್ನು ಕಂಡರು. ಆ ಬೂಷ್ಟಿನ ರಸಕ್ಕೆ ಪೆನ್ಸಿಲಿನ್ ಎಂದು ಹೆಸರಿಟ್ಟರು. ಅದನ್ನು ಔಷಧವಾಗಿ ಮಾಡಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಅವರ ಜೊತೆಗಾರರು. 1941ರ ಫೆಬ್ರುವರಿಯಲ್ಲಿ ಅವರು ಅದನ್ನು ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸನಿಗೆ ಕೊಟ್ಟರು. ಮುಖವೂ ಕಣ್ಣೂ ಕೀವುಗಟ್ಟಿ ಸಾಯುವ ಸ್ಥಿತಿಯಲ್ಲಿದ್ದ ಅವನು ಕೆಲವೇ ದಿವಸಗಳಲ್ಲಿ ಚೇತರಿಸಿಕೊಂಡನು. ಆದರೆ ಇದ್ದ ಔಷಧವು ತೀರಿಹೋಯಿತು. ಅವನ ಮೂತ್ರದೊಳಗಿಂದ ಸಹ ಪೆನ್ಸಿಲಿನ್ನನ್ನು ಹಿಂದಕ್ಕೆ ತೆಗೆದು ಪುನಃ ಕೊಟ್ಟರು. ಆದರೂ ಸಾಲದೆ, ವ್ಯಾಧಿಯು ತಿರುಗಿ ಬಂದು, ಮಾರ್ಚಿ ತಿಂಗಳಲ್ಲಿ ಅವನು ತೀರಿಕೊಂಡನು. ಅಂದು ಒಂದು ಚಿಟಿಕೆ ಔಷಧಕ್ಕೆ ಅಷ್ಟು ಬೆಲೆ ಇತ್ತು. ನಮ್ಮ ದೇಶದಲ್ಲಿ ಪುಣೆಯ ಹತ್ತಿರದ ಪಿಂಪ್ರಿಯಲ್ಲಿ ಸರಕಾರದ ಕಾರಖಾನೆಯು 1955ರಲ್ಲಿ ಪೆನ್ಸಿಲಿನ್ನನ್ನು ತಯಾರಿಸಲಾರಂಭಿಸಿತು. 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯಾಟಿಕ್ಸ್ ಎಂಬ ಸರಕಾರಿ ಕಂಪನಿಯು ಸ್ಥಾಪಿತವಾಯಿತು. ಹೀಗೆ ಆ ದುರ್ಲಭ ವಸ್ತುವು ಹಳ್ಳಿಗಳ ತನಕ ಬಂತು.

ಪೆನ್ಸಿಲಿನ್ ಹೇಗೆ ಕೆಲಸ ಮಾಡುತ್ತದೆ? ಬ್ಯಾಕ್ಟೀರಿಯಾಕ್ಕೆ ಸುತ್ತಲೂ ಒಂದು ಗೋಡೆ ಇರುವದು. ಅದು ಬೆಳೆಯುವಾಗ ಗೋಡೆಯನ್ನು ಕಟ್ಟುತ್ತಾ ಹೋಗಬೇಕು. ಪೆನ್ಸಿಲಿನ್ ಆ ಗೋಡೆ ಕಟ್ಟುವವರ ಕೈಯನ್ನು ಹಿಡಿದು ನಿಲ್ಲಿಸುವದು. ಮಣ್ಣಿನ ಗೋಡೆಯು ಅರ್ಧಕ್ಕೆ ನಿಂತಾಗ ಮಳೆ ಬಂದರೆ ಹೇಗೆ ಕುಸಿಯುವದೋ ಹಾಗೆಯೇ ಆ ರೋಗಾಣುವು ಒಡೆದು ಸಾಯುವದು. ಮನುಷ್ಯನ ಶರೀರದ ಕಣಗಳಿಗೆ ಅಂಥ ಗೋಡೆ ಇಲ್ಲದ್ದರಿಂದ ಅವುಗಳಿಗೆ ಆ ಪೆಟ್ಟು ತಗಲುವದಿಲ್ಲ. 1972ರಲ್ಲಿ ಬಳಕೆಗೆ ಬಂದ ಅಮಾಕ್ಸಿಸಿಲಿನ್ ಈ ಪೆನ್ಸಿಲಿನ್ ವಂಶದ್ದೇ ಆಗಿದೆ.

ಆದರೆ ರೋಗಾಣುಗಳು ಸುಮ್ಮನೆ ಇರುವಂಥವುಗಳಲ್ಲ. ಕೆಲವು ಬ್ಯಾಕ್ಟೀರಿಯಾಗಳು ಕತ್ತರಿಯಂಥ ಒಂದು ಕಿಣ್ವವನ್ನು ಹುಟ್ಟಿಸಿ ಪೆನ್ಸಿಲಿನ್ನನ್ನು ಕತ್ತರಿಸಿ ಹಾಕುವವು. ಆ ಕಿಣ್ವಕ್ಕೆ ಬೀಟಾ-ಲ್ಯಾಕ್ಟಮೇಸ್ ಎಂದು ಹೆಸರು. ಆಶ್ಚರ್ಯವೇನಂದರೆ, ಆ ಪೊಲೀಸನಿಗೆ ಔಷಧ ಕೊಡುವದಕ್ಕೆ ಮುಂಚೆಯೇ, 1940ರಲ್ಲಿ, ಅಬ್ರಹಾಮ್ ಮತ್ತು ಚೈನ್ ಎಂಬವರು ಈ ಕತ್ತರಿಯನ್ನು ಕಂಡುಹಿಡಿದಿದ್ದರು. ಪೆನ್ಸಿಲಿನ್ ವಂಶದ ಔಷಧಗಳು ಹೆಚ್ಚಾಗಿ ಬಳಕೆಯಾದಷ್ಟೂ ಕತ್ತರಿಯುಳ್ಳ ರೋಗಾಣುಗಳೇ ಉಳಿದು ಹೆಚ್ಚಿದವು.

ಆಗ ಇಂಗ್ಲೆಂಡಿನ ಬೀಚಮ್ ಕಂಪನಿಯ ಶಾಸ್ತ್ರಜ್ಞರು 1970ರ ದಶಕದಲ್ಲಿ, ಮಣ್ಣಿನಲ್ಲಿ ವಾಸಿಸುವ ಒಂದು ಸೂಕ್ಷ್ಮಜೀವಿಯಿಂದ ಕ್ಲಾವುಲಾನಿಕ್ ಆಮ್ಲವನ್ನು ಕಂಡುಹಿಡಿದರು. ಇದು ತಾನಾಗಿ ರೋಗಾಣುಗಳನ್ನು ಕೊಲ್ಲುವದರಲ್ಲಿ ಬಲಹೀನವಾದದ್ದು. ಆದರೆ ಇದು ಕತ್ತರಿಯ ಬಾಯಿಗೆ ತಾನೇ ಬಿದ್ದು, ಆ ಬಾಯಿ ಮತ್ತೆ ತೆರೆಯದಂತೆ ಮಾಡುವದು. ಕತ್ತರಿಯು ಹೀಗೆ ಸಿಕ್ಕಿಕೊಂಡಿರುವಾಗ ಅಮಾಕ್ಸಿಸಿಲಿನ್ ತನ್ನ ಕೆಲಸವನ್ನು ಮಾಡಿ ಮುಗಿಸುವದು. ಈ ಜೋಡು ಔಷಧವು 1981ರಲ್ಲಿ ಇಂಗ್ಲೆಂಡಿನಲ್ಲಿ ಆಗ್ಮೆಂಟಿನ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂತು. ಒಬ್ಬನು ಕೆಲಸ ಮಾಡುತ್ತಾನೆ, ಇನ್ನೊಬ್ಬನು ಕಾವಲಿರುತ್ತಾನೆ; ಎರಡು ಔಷಧಗಳ ಕಾರಣವು ಇದೇ.

ಜೋಡಿಸಿದ್ದೆಲ್ಲಾ ಒಳ್ಳೇದೆಂದು ಮಾತ್ರ ತಿಳಿಯಬಾರದು. ಅಮಾಕ್ಸಿಸಿಲಿನ್ನಿಗೆ ಕೆಮ್ಮಿನ ಔಷಧವಾದ ಬ್ರೋಮ್‌ಹೆಕ್ಸಿನನ್ನು ಕೂಡಿಸಿ ಮಾರುತ್ತಿದ್ದ ಒಂದು ಮಿಶ್ರಣವನ್ನು, ಅದಕ್ಕೆ ತಕ್ಕ ಆಧಾರವಿಲ್ಲವೆಂದು, ಭಾರತ ಸರಕಾರವು 2023ರ ಜೂನ್ ತಿಂಗಳಲ್ಲಿ ನಿಷೇಧಿಸಿತು.

3. ಯಾವ ಬೇನೆಗಳಲ್ಲಿ ಇದನ್ನು ಕೊಡುವರು?

ವೈದ್ಯರು ಪರೀಕ್ಷಿಸಿ ಬ್ಯಾಕ್ಟೀರಿಯಾದಿಂದಲೇ ವ್ಯಾಧಿಯಾಗಿದೆಯೆಂದು ಕಂಡಾಗ ಇದನ್ನು ಕೊಡುವರು. ಮುಖ್ಯವಾಗಿ ಇವು: ಕಿವಿಯ ಒಳಭಾಗದಲ್ಲಿ ಕೀವಾಗಿ ಮಗುವು ಜ್ವರದಿಂದ ಅಳುವಾಗ; ಮೂಗಿನ ಸುತ್ತಲಿನ ಎಲುಬಿನ ಪೊಳ್ಳುಗಳಲ್ಲಿ ಕೀವುಗಟ್ಟಿ ಬಹು ದಿವಸ ಇಳಿಯದಿರುವಾಗ; ಪುಪ್ಪುಸದ ಉರಿಯಾದ ನ್ಯುಮೋನಿಯಾದ ಕೆಲವು ಬಗೆಗಳಲ್ಲಿ; ಹಲ್ಲಿನ ಬುಡದಲ್ಲಿ ಕುರುವಾಗಿ ದವಡೆ ಬಾತು ಜ್ವರ ಬಂದಾಗ; ಚರ್ಮದ ಕೆಳಗೆ ಕೀವು ಹರಡುವಾಗ; ನಾಯಿ, ಬೆಕ್ಕು, ಮನುಷ್ಯ ಇವರ ಹಲ್ಲು ನಾಟಿದ ಗಾಯಗಳಲ್ಲಿ; ಮತ್ತು ಮೂತ್ರದ ಪರೀಕ್ಷೆಯಲ್ಲಿ ತಕ್ಕದ್ದೆಂದು ಕಂಡರೆ ಮೂತ್ರಮಾರ್ಗದ ಬೇನೆಯಲ್ಲಿ. ಇವುಗಳಲ್ಲಿ ಸಹ ಅನೇಕ ಸಾರಿ ಬರೇ ಅಮಾಕ್ಸಿಸಿಲಿನ್ನೇ ಸಾಕಾಗುವದು. ಜೋಡು ಔಷಧ ಬೇಕೋ ಬೇಡವೋ ಎಂಬ ನಿರ್ಣಯವು ವೈದ್ಯರದು.

ಇಲ್ಲಿ ಎರಡು ಮಾತುಗಳನ್ನು ವಿಶೇಷವಾಗಿ ಹೇಳಬೇಕಾಗಿದೆ.

ಮೊದಲನೆಯದು, ನಾಯಿ ಕಚ್ಚಿದ ವಿಷಯ. ಈ ಗುಳಿಗೆಯು ನಾಯಿಯ ಬಾಯೊಳಗಿನ ಬ್ಯಾಕ್ಟೀರಿಯಾದಿಂದ ಗಾಯವು ಕೀವಾಗದಂತೆ ಮಾಡುವದೇ ಹೊರತು, ಹುಚ್ಚುನಾಯಿಯ ವಿಷವನ್ನು ಎಳ್ಳಷ್ಟಾದರೂ ತಡೆಯುವದಿಲ್ಲ. ಯಾಕಂದರೆ ಆ ವ್ಯಾಧಿಯು ವೈರಸ್ಸಿನಿಂದ ಬರುತ್ತದೆ. ನಾಯಿ ಕಚ್ಚಿದ ಕೂಡಲೆ ಗಾಯವನ್ನು ಸಾಬೂನು ಹಚ್ಚಿ, ಸುರಿಯುವ ನೀರಿನಲ್ಲಿ 15 ನಿಮಿಷಗಳ ತನಕ ತೊಳೆದು, ಅದೇ ದಿವಸ ಸರಕಾರಿ ದವಾಖಾನೆಗೆ ಹೋಗಿ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿಕೊಳ್ಳಬೇಕು. ಹೇಳಿದ ದಿವಸಗಳಲ್ಲೆಲ್ಲಾ ತಪ್ಪದೆ ಹಾಕಿಸಿಕೊಳ್ಳಬೇಕು. ಗುಳಿಗೆಯನ್ನು ನುಂಗಿದ್ದೇನೆ, ಸಾಕು ಎಂದು ಕೂತವನು ಪ್ರಾಣವನ್ನೇ ಪಣಕ್ಕಿಟ್ಟಂತೆ. ಆ ರೋಗದ ಲಕ್ಷಣಗಳು ತೋರಿದ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಅಪರೂಪ.

ಎರಡನೆಯದು, ಹಲ್ಲಿನ ವಿಷಯ. ಹುಳುಕು ಹಲ್ಲಿನ ನೋವು ಗುಳಿಗೆಯಿಂದ ಗುಣವಾಗುವದಿಲ್ಲ. ಬಾವು ಇಳಿದಂತೆ ತೋರಿದರೂ, ಬೇರು ಉಳಿದರೆ ಕಸವು ಮತ್ತೆ ಚಿಗುರುವಂತೆ, ಕೀವಿನ ಮೂಲವು ಹಲ್ಲಿನಲ್ಲಿಯೇ ಇರುವದು. ಹಲ್ಲನ್ನು ಶುದ್ಧಿ ಮಾಡಿಸುವದು ಇಲ್ಲವೆ ಕೀಳಿಸುವದು ನಿಜವಾದ ಚಿಕಿತ್ಸೆ.

4. ಯಾವ ಬೇನೆಗಳಲ್ಲಿ ಇದು ವ್ಯರ್ಥವು?

ನೆಗಡಿ, ಫ್ಲೂ, ಸಾಧಾರಣ ಗಂಟಲುನೋವು, ಡೆಂಗ್ಯೂ, ಚಿಕೂನ್‌ಗುನ್ಯಾ, ದಡಾರ, ಕೊರೊನಾ ಇವು ವೈರಸ್ಸುಗಳಿಂದ ಬರುವವು. ವೈರಸ್ಸಿಗೆ ಆ ಗೋಡೆಯೇ ಇಲ್ಲ. ಇಲ್ಲದ ಗೋಡೆಯನ್ನು ಕಟ್ಟದಂತೆ ತಡೆಯುವದು ಹೇಗೆ? ನೆಗಡಿಯಾದವನು ಇದನ್ನು ನುಂಗಿ ಐದು ದಿವಸಗಳಲ್ಲಿ ಗುಣವಾದರೆ ಗುಳಿಗೆಯನ್ನು ಹೊಗಳುವನು. ನುಂಗದಿದ್ದರೂ ಅದೇ ಐದು ದಿವಸಗಳಲ್ಲಿ ಗುಣವಾಗುತ್ತಿದ್ದನೆಂಬದು ಅವನಿಗೆ ತಿಳಿಯದು.

ಮಕ್ಕಳಿಗೆ ನೀರಿನಂತೆ ಭೇದಿಯಾಗುವಾಗಲೂ ಇದನ್ನು ಕೊಡಬಾರದು. ಈ ಔಷಧವೇ ಭೇದಿಯನ್ನು ಉಂಟುಮಾಡುವಂಥಾದ್ದು. ಭೇದಿಯಾದ ಮಗುವಿಗೆ ಬೇಕಾದದ್ದು ಓಆರ್‌ಎಸ್ ಪುಡಿಯ ನೀರು, ತಾಯಿಯ ಹಾಲು, ಝಿಂಕ್ ಗುಳಿಗೆ. ಇವು ಅಂಗನವಾಡಿಯಲ್ಲಿಯೂ ಆಶಾ ಕಾರ್ಯಕರ್ತೆಯ ಹತ್ತಿರವೂ ವಿಚಾರಿಸಿದರೆ ದೊರೆಯುವವು.

ಎರಡು ವಾರಗಳಿಗಿಂತ ಹೆಚ್ಚು ದಿವಸ ಕೆಮ್ಮು ಇದ್ದವನು ಅಂಗಡಿಯ ಗುಳಿಗೆಗಳಿಂದ ಕಾಲ ಕಳೆಯದೆ ಕಫದ ಪರೀಕ್ಷೆಯನ್ನು ಮಾಡಿಸಬೇಕು. ಅದು ಕ್ಷಯವಾಗಿರಬಹುದು. ಕ್ಷಯದ ಪರೀಕ್ಷೆಯೂ ಔಷಧವೂ ಸರಕಾರಿ ದವಾಖಾನೆಯಲ್ಲಿ ಧರ್ಮಾರ್ಥವಾಗಿ ದೊರೆಯುವವು. 625ರಿಂದ ಕ್ಷಯವು ಗುಣವಾಗುವದಿಲ್ಲ. ಕಳೆದ ಪ್ರತಿಯೊಂದು ವಾರದಲ್ಲಿಯೂ ಮನೆಯ ಕೂಸುಗಳಿಗೆ ಅದು ತಗಲುತ್ತಾ ಹೋಗುವದು.

5. ತಕ್ಕೊಳ್ಳುವ ಕ್ರಮ

(ಅ) ಊಟದ ಆರಂಭದಲ್ಲಿ ನುಂಗಬೇಕು. ಒಂದೆರಡು ತುತ್ತು ರೊಟ್ಟಿಯನ್ನು ತಿಂದು ಗುಳಿಗೆಯನ್ನು ತಕ್ಕೊಂಡು ಊಟ ಮುಂದುವರಿಸಿದರೆ ಹೊಟ್ಟೆ ತೊಳಸುವದು ಕಡಿಮೆಯಾಗುವದು, ಔಷಧವೂ ಚೆನ್ನಾಗಿ ರಕ್ತಕ್ಕೆ ಸೇರುವದು.

(ಆ) ಹೇಳಿದ ಹೊತ್ತಿಗೆ ತಕ್ಕೊಳ್ಳಬೇಕು. ಔಷಧವು ರಕ್ತದಲ್ಲಿ ಬಹಳ ಹೊತ್ತು ನಿಲ್ಲುವದಿಲ್ಲ. ಆದಕಾರಣ ದಿವಸಕ್ಕೆ ಎರಡು ಇಲ್ಲವೆ ಮೂರು ಸಾರಿ, ಸಮವಾದ ಅಂತರದಲ್ಲಿ, ತಕ್ಕೊಳ್ಳಲು ವೈದ್ಯರು ಹೇಳುವರು. ಒಂದು ಹೊತ್ತು ಮರೆತರೆ ನೆನಪಾದಾಗ ತಕ್ಕೊಳ್ಳಲಿ. ಮರೆತದ್ದಕ್ಕಾಗಿ ಎರಡನ್ನು ಕೂಡಿಸಿ ನುಂಗಬಾರದು.

(ಇ) ವೈದ್ಯರು ಹೇಳಿದಷ್ಟು ದಿವಸ ತಕ್ಕೊಳ್ಳಬೇಕು. ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಎಷ್ಟು ದಿವಸ ಬೇಕೆಂಬದು ಬೇನೆಯಿಂದ ಬೇನೆಗೆ ಬೇರೆಯಾಗುವದು. ಮೊದಲು ದೀರ್ಘಕಾಲ ಕೊಡುತ್ತಿದ್ದ ಕೆಲವು ಬೇನೆಗಳಲ್ಲಿ ಕಡಿಮೆ ದಿವಸಗಳೇ ಸಾಕೆಂದು ಈಗ ಕಂಡಿದೆ. ಆದರೆ ಆ ಲೆಕ್ಕವು ವೈದ್ಯರದು. ಎರಡು ಮೂರು ದಿವಸಗಳಲ್ಲಿ ಜ್ವರವು ಇಳಿಯದೆ ಹೋದರೆ, ಅಥವಾ ಗುಳಿಗೆಯಿಂದ ತೊಂದರೆಯಾದರೆ, ಅವರ ಬಳಿಗೆ ತಿರುಗಿ ಹೋಗಬೇಕು.

(ಈ) ಮಕ್ಕಳ ಔಷಧದ ಪ್ರಮಾಣವು ಮಗುವಿನ ತೂಕದ ಮೇಲೆ ಇರುವದು. ಅಣ್ಣನಿಗೆ ಕೊಟ್ಟದ್ದನ್ನು ತಮ್ಮನಿಗೂ, ದೊಡ್ಡವರ ಗುಳಿಗೆಯನ್ನು ಮುರಿದು ಕೂಸಿಗೂ ಕೊಡಬಾರದು. ಪುಡಿಯ ಸೀಸೆಗೆ, ಕುದಿಸಿ ಆರಿಸಿದ ನೀರನ್ನು ಗುರುತಿನ ತನಕ ಹಾಕಿ ಚೆನ್ನಾಗಿ ಅಲ್ಲಾಡಿಸಬೇಕು. ಸೀಸೆಯ ಸಂಗಡ ಬಂದ ಅಳತೆಯ ಮುಚ್ಚಳದಿಂದ ಕೊಡಬೇಕು. ಅಡಿಗೆಮನೆಯ ಚಮಚವು ಒಂದರಂತೆ ಒಂದಿರುವದಿಲ್ಲ. ನೀರು ಬೆರೆಸಿದ ಮೇಲೆ ಅದನ್ನು ಫ್ರಿಜ್ಜಿನ ತಂಪಿನಲ್ಲಿಟ್ಟು 7 ದಿವಸಗಳೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಬೇಕು. ಮನೆಯಲ್ಲಿ ಫ್ರಿಜ್ಜಿಲ್ಲದವರು ಅದನ್ನು ನಾಚದೆ ವೈದ್ಯರಿಗೆ ಹೇಳಬೇಕು. ನೀರಿನಲ್ಲಿ ಕರಗಿಸಿ ಕೊಡುವ ಮಕ್ಕಳ ಗುಳಿಗೆಗಳು ಸಹ ಉಂಟು.

(ಉ) ಈ ಗುಳಿಗೆಗೆ ತೇವವು ಶತ್ರುವು. ಎರಡನೆಯ ಔಷಧವು ತೇವದಿಂದ ಬೇಗನೆ ಕೆಡುವದು. ಆದ್ದರಿಂದ ಗುಳಿಗೆಗಳನ್ನು ಬೆಳ್ಳಿಬಣ್ಣದ ಹಾಳೆಯಿಂದ ಮೊದಲೇ ಬಿಡಿಸಿ ಕಾಗದದ ಪೊಟ್ಟಣದಲ್ಲಾಗಲಿ ಒಲೆಯ ಮೇಲಿನ ಗೂಡಿನಲ್ಲಾಗಲಿ ಇಡಬಾರದು. ನುಂಗುವಾಗಲೇ ಬಿಡಿಸಬೇಕು.

6. ಇದರಿಂದ ಬರಬಹುದಾದ ಕೇಡುಗಳು

ಭೇದಿ, ವಾಕರಿಕೆ, ಬಾಯಲ್ಲಿ ಬಿಳೇ ಅಗ್ರ, ಸ್ತ್ರೀಯರಿಗೆ ತುರಿಕೆಯ ಬಿಳುಪು ಇವು ಸಾಧಾರಣವಾದವುಗಳು. ಬಹುಮಟ್ಟಿಗೆ ತಾವಾಗಿಯೇ ನಿಲ್ಲುವವು. ಆದರೆ ಮೂರು ಕೇಡುಗಳನ್ನು ಪ್ರತಿ ಮನೆಯವರೂ ಬಾಯಿಪಾಠ ಮಾಡಿಕೊಳ್ಳಬೇಕು.

ಒಂದನೆಯದು ಅಲರ್ಜಿ. ಪೆನ್ಸಿಲಿನ್ ಸೂಜಿಯಿಂದ ಮೊದಲು ಮೈಮೇಲೆ ಗಂಧೆ ಎದ್ದವರು, ಉಸಿರು ಕಟ್ಟಿದವರು ಈ ಗುಳಿಗೆಯನ್ನು ಮುಟ್ಟಬಾರದು. ಇದು ಅದೇ ವಂಶದ್ದು. ಹೆಸರಿನಲ್ಲಿ ಪೆನ್ಸಿಲಿನ್ ಎಂದು ಬರೆದಿಲ್ಲದ್ದರಿಂದ ಅನೇಕರು ಮೋಸ ಹೋಗುವರು. ಗುಳಿಗೆ ನುಂಗಿದ ಮೇಲೆ ತುಟಿ, ನಾಲಿಗೆ, ಕಣ್ಣಿನ ರೆಪ್ಪೆಗಳು ಬಾತರೆ, ಎದೆ ಬಿಗಿದರೆ, ತಲೆ ತಿರುಗಿ ಬಿದ್ದರೆ, ಒಂದು ಕ್ಷಣವನ್ನೂ ತಡೆಯದೆ 108ಕ್ಕೆ ಕರೆಮಾಡಿ ದವಾಖಾನೆಗೆ ಒಯ್ಯಬೇಕು. ಇದರಲ್ಲಿ ಗಳಿಗೆಯ ಆಲಸ್ಯವು ಪ್ರಾಣಕ್ಕೆ ಎರವಾಗುವದು.

ಎರಡನೆಯದು ಕಾಮಾಲೆ. ಇದು ವಿರಳವಾದರೂ ಈ ಜೋಡಿಯ ವಿಶೇಷ ಕೇಡು. ಮುಖ್ಯವಾಗಿ ಎರಡನೆಯ ಔಷಧದಿಂದ ಬರುವದೆಂದು ತಿಳಿಯಲ್ಪಟ್ಟಿದೆ. ವಯಸ್ಸಾದ ಗಂಡಸರಲ್ಲಿಯೂ, ಬಹು ದಿವಸ ತಕ್ಕೊಂಡವರಲ್ಲಿಯೂ ಹೆಚ್ಚು. ಔಷಧವನ್ನು ನಿಲ್ಲಿಸಿ ಕೆಲವು ವಾರಗಳಾದ ಮೇಲೂ ಇದು ತೋರಬಹುದು. ಆದದರಿಂದ ಕಾರಣವು ಮರೆತುಹೋಗುವದು. ಕಣ್ಣು ಹಳದಿಯಾದರೆ, ಮೂತ್ರವು ಕಪ್ಪಾದರೆ, ಮೈಯೆಲ್ಲಾ ತುರಿಸಿದರೆ, ನಾಟಿಮದ್ದನ್ನು ಹುಡುಕದೆ ವೈದ್ಯರ ಬಳಿಗೆ ಹೋಗಿ, ಇಂಥಾ ದಿವಸ ಈ ಗುಳಿಗೆಯನ್ನು ತಕ್ಕೊಂಡಿದ್ದೆನೆಂದು ಹೇಳಬೇಕು. ಒಮ್ಮೆ ಇದರಿಂದ ಕಾಮಾಲೆಯಾದವರಿಗೆ ಇದನ್ನು ಮತ್ತೆಂದಿಗೂ ಕೊಡಕೂಡದು.

ಮೂರನೆಯದು ಕಠಿಣವಾದ ಭೇದಿ. ನಮ್ಮ ಕರುಳಿನಲ್ಲಿ ಉಪಕಾರಿಯಾದ ಅಸಂಖ್ಯ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಈ ಔಷಧವು ಶತ್ರುಗಳೊಂದಿಗೆ ಅವುಗಳನ್ನೂ ಕೊಲ್ಲುವದು. ಬೆಳೆಯನ್ನು ಕಿತ್ತ ಹೊಲದಲ್ಲಿ ಕಸ ಹಬ್ಬುವಂತೆ, ತೆರವಾದ ಆ ಸ್ಥಳದಲ್ಲಿ ಕೆಟ್ಟ ಜಾತಿಯೊಂದು ಹಬ್ಬಿ ಭೇದಿಯನ್ನು ತರುವದುಂಟು. ರಕ್ತ ಬಿದ್ದರೆ, ಹೊಟ್ಟೆ ನುಲಿದು ನಿಲ್ಲದೆ ಭೇದಿಯಾದರೆ, ಭೇದಿ ನಿಲ್ಲಿಸುವ ಗುಳಿಗೆಯನ್ನು ತಾವಾಗಿ ನುಂಗದೆ ವೈದ್ಯರನ್ನು ಕಾಣಬೇಕು.

ಇದಲ್ಲದೆ, ಮೂತ್ರಪಿಂಡದ ರೋಗವುಳ್ಳವರು, ಲಿವರಿನ ರೋಗವುಳ್ಳವರು, ಬಸುರಿಯರು, ಮೊಲೆಯೂಡಿಸುವ ತಾಯಂದಿರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಗುಳಿಗೆಯನ್ನಾಗಲಿ, ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಇಲ್ಲವೆ ಅಲೊಪ್ಯುರಿನಾಲ್ ಗುಳಿಗೆಗಳನ್ನಾಗಲಿ ತಕ್ಕೊಳ್ಳುವವರು, ಅದನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಇವರಲ್ಲಿ ಅನೇಕರಿಗೆ ಔಷಧವನ್ನು ಕೊಡಬಹುದು. ಆದರೆ ನೋಡಿ, ಅಳೆದು ಕೊಡತಕ್ಕದ್ದು.

7. ಔಷಧದ ಬಲವು ಕುಂದುವದು ಹೇಗೆ?

ಇದನ್ನು ನಮ್ಮ ಸೀಮೆಯ ಹತ್ತಿಯ ರೈತರಿಗೆ ಬಹಳ ವಿವರಿಸಬೇಕಾಗಿಲ್ಲ. 2002ರಲ್ಲಿ ಬಿಟಿ ಹತ್ತಿಗೆ ಭಾರತದಲ್ಲಿ ಅಪ್ಪಣೆ ದೊರೆಯಿತು. ಕಾಯಿಕೊರಕ ಹುಳವನ್ನು ಕೊಲ್ಲುವ ಗುಣವು ಗಿಡದಲ್ಲಿಯೇ ಇದ್ದುದರಿಂದ ಸಿಂಪರಣೆಯ ಖರ್ಚು ಉಳಿಯಿತೆಂದು ರೈತರು ಸಂತೋಷಪಟ್ಟರು. 2006ರಲ್ಲಿ ಒಂದರ ಬದಲು ಎರಡು ಗುಣಗಳನ್ನು ಜೋಡಿಸಿದ ಬೀಜವು ಬಂತು. ಆದರೆ 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕವು ಮೊದಲನೆಯ ಗುಣಕ್ಕೆ ಬಗ್ಗದೆ ಹೋದದ್ದು ಕಂಡುಬಂತು. ಕೆಲವೇ ವರ್ಷಗಳಲ್ಲಿ ಅದು ಜೋಡು ಗುಣವನ್ನೂ ಮೀರಿತು. ಹುಳವು ಬುದ್ಧಿ ಕಲಿತದ್ದಲ್ಲ; ವಿಷವನ್ನು ತಾಳಬಲ್ಲ ಕೆಲವೇ ಹುಳಗಳು ಉಳಿದು, ಅವುಗಳ ಸಂತತಿಯೇ ಹೊಲವನ್ನು ತುಂಬಿತು.

ರೋಗಾಣುಗಳಲ್ಲಿಯೂ ನಡೆಯುವದು ಇದೇ. ನೆಗಡಿಗೆಂದು ನುಂಗಿದ ಗುಳಿಗೆಯು ನೆಗಡಿಯನ್ನು ಮುಟ್ಟುವದಿಲ್ಲ, ನಿಜ; ಆದರೆ ಕರುಳಿನಲ್ಲಿಯೂ ಚರ್ಮದ ಮೇಲೂ ಇರುವ ಬ್ಯಾಕ್ಟೀರಿಯಾಗಳಲ್ಲಿ ಬಲಹೀನವಾದವುಗಳನ್ನು ಕೊಂದು, ತಾಳುವಂಥವುಗಳನ್ನು ಉಳಿಸುವದು. ಹುಳಕ್ಕೂ ಇವಕ್ಕೂ ಒಂದು ಭೇದವುಂಟು. ಹುಳವು ತನ್ನ ಗುಣವನ್ನು ತನ್ನ ಮರಿಗಳಿಗೆ ಮಾತ್ರ ಕೊಡುವದು. ಬ್ಯಾಕ್ಟೀರಿಯಾವಾದರೋ, ಬಿತ್ತನೆಯ ಬೀಜವನ್ನು ನೆರೆಯವನಿಗೆ ಕೊಡುವಂತೆ, ತನ್ನ ಗುಣವನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ಕೊಡಬಲ್ಲದು. ಅವು ಮಲದಿಂದ ನೀರಿಗೂ, ಕೈಯಿಂದ ಕೈಗೂ ದಾಟುವವು. ಇಂದು ಒಬ್ಬನು ಅನಾವಶ್ಯಕವಾಗಿ ನುಂಗಿದ ಗುಳಿಗೆಯ ದಂಡವನ್ನು ನಾಳೆ ಅವನ ಮನೆಯ ಬಾಣಂತಿಯಾಗಲಿ, ನೆರೆಮನೆಯ ಕೂಸಾಗಲಿ ತೆರಬೇಕಾದೀತು.

ಇದು ಬರೇ ಭಯವಲ್ಲ. 2019ರಲ್ಲಿ ಲೋಕದಲ್ಲೆಲ್ಲಾ ಸುಮಾರು 12 ಲಕ್ಷ 70 ಸಾವಿರ ಜನರು, ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಕಾರಣದಿಂದಲೇ ಸತ್ತರೆಂದು ಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ನಮ್ಮ ದೇಶದ ದೊಡ್ಡ ದವಾಖಾನೆಗಳಲ್ಲಿ ಪರೀಕ್ಷಿಸುವಾಗ, ಮೂತ್ರದ ಬೇನೆಯನ್ನು ತರುವ ಇ-ಕೋಲೈ ಎಂಬ ಬ್ಯಾಕ್ಟೀರಿಯಾವು ಅನೇಕ ಸಾರಿ ಈ ಜೋಡು ಔಷಧಕ್ಕೂ ಬಗ್ಗುವದಿಲ್ಲ. ಫ್ಲೆಮಿಂಗ್ ಅವರು 1945ರಲ್ಲಿ ನೊಬೆಲ್ ಬಹುಮಾನವನ್ನು ಸ್ವೀಕರಿಸಿ ಮಾಡಿದ ಭಾಷಣದಲ್ಲಿಯೇ ಇದನ್ನು ಮುಂಗಂಡು, ಯಾರು ಬೇಕಾದರೂ ಅಂಗಡಿಯಲ್ಲಿ ಪೆನ್ಸಿಲಿನ್ ಕೊಳ್ಳುವ ಕಾಲ ಬಂದರೆ, ಅರೆಬರೆಯಾಗಿ ತಕ್ಕೊಂಡು ರೋಗಾಣುಗಳನ್ನು ಗಟ್ಟಿ ಮಾಡಿಬಿಡುವರೆಂದು ಎಚ್ಚರಿಸಿದ್ದರು.

ಅದೇ 1945ರಲ್ಲಿ ನಮ್ಮ ದೇಶದ ಔಷಧ ನಿಯಮಗಳು ಆದವು. ಆ ನಿಯಮಗಳ ಪ್ರಕಾರ ಈ ಗುಳಿಗೆಯನ್ನು ವೈದ್ಯರ ಚೀಟಿಯಿಲ್ಲದೆ ಮಾರತಕ್ಕದ್ದಲ್ಲ. ಹಾಳೆಯ ಮೇಲೆ ಉದ್ದಕ್ಕೆ ಒಂದು ಕೆಂಪು ಗೀಟು ಇರುವದನ್ನು ನೀವು ನೋಡಿರಬಹುದು. ಅದರ ಅರ್ಥವನ್ನು ಜನರಿಗೆ ತಿಳಿಸುವದಕ್ಕೆ ಕೇಂದ್ರ ಸರಕಾರವು 2016ರಲ್ಲಿ ಪ್ರಚಾರವನ್ನು ಆರಂಭಿಸಿತು. ಅಕ್ಷರ ಬಾರದವರಿಗೂ ಆ ಗೀಟು ಒಂದು ಮಾತನ್ನು ಹೇಳುತ್ತದೆ: ವೈದ್ಯರನ್ನು ಕೇಳದೆ ದಾಟಬೇಡ.

8. ಬಡವನು ಏನು ಮಾಡಬೇಕು?

“ಇದೆಲ್ಲಾ ಸರಿ, ಆದರೆ ವೈದ್ಯರ ಬಳಿಗೆ ಹೋದರೆ ಒಂದು ದಿವಸದ ಕೂಲಿ ಹೋಗುವದು, ಬಸ್ಸಿನ ಹಣ ಹೋಗುವದು, ಅಂಗಡಿಯಲ್ಲಿ ಎರಡು ಗುಳಿಗೆಗೆ ಮುಗಿಯುವದು” ಎಂದು ಯಾರಾದರೂ ಹೇಳಾರು. ಈ ಮಾತಿನಲ್ಲಿ ಸತ್ಯವಿದೆ. ಅದನ್ನು ತಾತ್ಸಾರ ಮಾಡಬಾರದು. ಆದರೆ ಲೆಕ್ಕವನ್ನು ಪೂರ್ತಿಯಾಗಿ ಹಾಕೋಣ. ತಪ್ಪಾದ ಬೇನೆಗೆ ಕೊಂಡ ಎರಡು ಗುಳಿಗೆಗಳ ಹಣವು ಹೋಯಿತು. ಬೇನೆಯು ಹೆಚ್ಚಿದ ಮೇಲೆ ಹುಬ್ಬಳ್ಳಿಗೆ ಹೋಗುವ ಗಾಡಿಯ ಬಾಡಿಗೆ, ಸಂಗಡ ಹೋಗುವವನ ಕೂಲಿ, ಬಡ್ಡಿಯ ಸಾಲ ಇವೆಲ್ಲಾ ಮುಂದೆ ಕಾದಿರುವವು. ಮೊದಲ ದಿವಸವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ ತಾಲೂಕಿನ ದವಾಖಾನೆಗಾಗಲಿ ಹೋಗುವದೇ ಕಡೆಗೆ ಅಗ್ಗವು. ಚೀಟಿಯಲ್ಲಿ ಬರೆದ ಔಷಧವು ಹೊರಗೆ ದುಬಾರಿಯಾದರೆ ಜನೌಷಧಿ ಅಂಗಡಿಯಲ್ಲಿ ವಿಚಾರಿಸಬೇಕು. ಕಂಪನಿಯ ಹೆಸರಿಲ್ಲದೆ ಅದೇ ಔಷಧವು ಅಲ್ಲಿ ಕಡಿಮೆ ಬೆಲೆಗೆ ಸಿಗುವದುಂಟು. ವೈದ್ಯರು “ಈ ಗುಳಿಗೆ ನಿನಗೆ ಬೇಡ” ಎಂದರೆ ಅವರು ಜಿಪುಣರೆಂದಾಗಲಿ ಕಲಿಯದವರೆಂದಾಗಲಿ ಎಣಿಸಬಾರದು. ಕೊಡದಿರುವದು ಸಹ ಅನೇಕ ಸಾರಿ ಒಳ್ಳೇ ಚಿಕಿತ್ಸೆಯೇ.

ಮನೆಯಲ್ಲಿ ಉಳಿದ ಗುಳಿಗೆಗಳನ್ನು ಇನ್ನೊಮ್ಮೆ ಬೇಕಾದೀತೆಂದು ಕೂಡಿಡಬಾರದು, ನೆರೆಯವರಿಗೆ ಉಪಕಾರವೆಂದು ಕೊಡಲೂಬಾರದು. ಯಾರಿಗೆ ಯಾವ ಔಷಧವು ಆಗುವದಿಲ್ಲವೆಂಬದನ್ನು ಒಂದು ಚೀಟಿಯಲ್ಲಿ ಬರೆಯಿಸಿ, ರೇಶನ್ ಕಾರ್ಡಿನ ಸಂಗಡ ಇಟ್ಟುಕೊಂಡು, ದವಾಖಾನೆಗೆ ಹೋಗುವಾಗಲೆಲ್ಲಾ ತೋರಿಸಬೇಕು. ಅದಕ್ಕಿಂತ ಮೊದಲು, ವ್ಯಾಧಿಯೇ ಬಾರದಂತೆ ಕೈಗಳನ್ನು ಸಾಬೂನಿನಿಂದ ತೊಳೆಯುವದು, ನೀರನ್ನು ಕುದಿಸಿ ಕುಡಿಯುವದು, ಮಕ್ಕಳಿಗೆ ಲಸಿಕೆಗಳನ್ನು ತಪ್ಪದೆ ಹಾಕಿಸುವದು ಇವುಗಳನ್ನು ಮಾಡಬೇಕು. ಬೇನೆ ಕಡಿಮೆಯಾದಷ್ಟೂ ಗುಳಿಗೆಯ ಅವಶ್ಯವೂ ಕಡಿಮೆ.

ನವಲಗುಂದ ಅಣ್ಣಿಗೇರಿಗಳ ಎರೆ ಸೀಮೆಯಲ್ಲಿ ಬಾವಿಯ ನೀರು ಅನೇಕ ಕಡೆಗಳಲ್ಲಿ ಸವಳಾಗಿರುವದರಿಂದ ಕುಡಿಯುವ ನೀರಿನ ಕೆರೆಯ ಬೆಲೆ ಏನೆಂಬದನ್ನು ಅಲ್ಲಿಯವರು ಚೆನ್ನಾಗಿ ಬಲ್ಲರು. ಆ ಕೆರೆಯಲ್ಲಿ ಎಮ್ಮೆ ತೊಳೆಯಲಿಕ್ಕೆ ಊರವರು ಯಾರನ್ನೂ ಬಿಡರು. ಕೆಡಿಸುವವನು ಒಬ್ಬನಾದರೂ ಕುಡಿಯುವವರು ಊರೆಲ್ಲಾ. ಈ ಔಷಧದ ಬಲವೂ ಅಂಥಾ ಕೆರೆಯೇ. ಅದು ಹಣ ಕೊಟ್ಟು ಕೊಂಡವನೊಬ್ಬನದಲ್ಲ. ಇನ್ನೂ ಹುಟ್ಟದ ಕೂಸುಗಳಿಗೂ ಅದರಲ್ಲಿ ಪಾಲುಂಟು. ಬೇಕಾದವನು ಬೇಕಾದಾಗ ಬೇಕಾದಷ್ಟನ್ನೇ ಮೊಗೆದುಕೊಂಡರೆ ಅದು ಎಲ್ಲರಿಗೂ ಉಳಿಯುವದು.

ಮನನಕ್ಕಾಗಿ ಪ್ರಶ್ನೆಗಳು

1. ಈ ಗುಳಿಗೆಯಲ್ಲಿರುವ ಎರಡು ಔಷಧಗಳು ಯಾವವು? ಎರಡನೆಯದರ ಕೆಲಸವೇನು?
2. 375ರ ಎರಡು ಗುಳಿಗೆಗಳು 625ರ ಒಂದಕ್ಕೆ ಸಮವಲ್ಲ, ಯಾಕೆ?
3. ನಾಯಿ ಕಚ್ಚಿದವನಿಗೆ ಈ ಗುಳಿಗೆಯೊಂದೇ ಯಾಕೆ ಸಾಲದು? ಮೊದಲು ಏನು ಮಾಡಬೇಕು?
4. ಯಾವ ಮೂರು ಕೇಡುಗಳ ಗುರುತುಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು?
5. ಹತ್ತಿಯ ಹುಳಕ್ಕೂ ರೋಗಾಣುವಿಗೂ ಯಾವ ಹೋಲಿಕೆ ಇದೆ? ಯಾವ ಭೇದವಿದೆ?
6. ನಿಮ್ಮ ಮನೆಯ ಗೂಡಿನಲ್ಲಿ ಕೆಂಪು ಗೀಟುಳ್ಳ ಗುಳಿಗೆಗಳು ಉಳಿದಿವೆಯೋ? ಅವು ಯಾರಿಗೆ, ಯಾವ ಬೇನೆಗೆ ಕೊಟ್ಟವು ಎಂದು ಮನೆಯಲ್ಲಿ ಯಾರಾದರೂ ಹೇಳಬಲ್ಲರೋ? ಇಂದೇ ನೋಡಿರಿ.